ನಲವತ್ತಮೂರು ಮೊದಲ ಆದ್ಯತೆಗಳು

ಹತ್ತು ಜನ ದೊಡ್ಡವರು ಒಂದು ಮೇಜಿನ ಸುತ್ತ ಕೂತು "ಮುಂದೇನು ಮಾಡೋಣ" ಎಂದು ಯೋಚಿಸತೊಡಗಿದರೆ ಅಲ್ಲಿ ಯಾರಾದರೂ ಒಬ್ಬರಿಗೆ ತಲೆನೋವು ಬರಲೇಬೇಕು. ನಮ್ಮಲ್ಲಿ ಅದು ಪ್ರತಿ ಸಲವೂ ನನಗೇ ಬರುತ್ತದೆ.

ನಾನು ದೆಹಲಿಯಲ್ಲಿ ಖಾಸಗಿ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಸಂಘವೊಂದರ ಕಾರ್ಯದರ್ಶಿ. ಯಜಮಾನರಿಗೆ ಕೇಂದ್ರ ಸರ್ಕಾರದ ಕೆಲಸ, ಕಿದ್ವಾಯಿ ನಗರದಲ್ಲಿ ಕ್ವಾರ್ಟರ್ಸು. ನನ್ನ ಕಛೇರಿ ಓಖ್ಲಾದಲ್ಲಿ ಎರಡು ಕೋಣೆ. ಕಾರ್ಯದರ್ಶಿ ಎಂದರೆ ಸಭೆ ಕರೆಯುವವಳು, ಸಮೋಸ ತರಿಸುವವಳು, ನಡಾವಳಿ ಬರೆಯುವವಳು, ಆಮೇಲೆ "ನಾನು ಹಾಗೆ ಹೇಳಿಯೇ ಇಲ್ಲ" ಎನ್ನುವವರಿಂದ ಬೈಸಿಕೊಳ್ಳುವವಳು. ಚಿತ್ರದುರ್ಗದಿಂದ ನಮ್ಮ ಅತ್ತೆ ಬಂದಿದ್ದಾಗ ಒಮ್ಮೆ ಕಛೇರಿ ತೋರಿಸಲು ಕರೆದುಕೊಂಡು ಹೋಗಿದ್ದೆ. ಬೋರ್ಡಿನ ಮೇಲಿದ್ದ 'ಉಚ್ಚ ಶಿಕ್ಷಾ' ಎಂಬುದನ್ನು ನನ್ನ ಮಗಳ ಬಾಯಲ್ಲಿ ಓದಿಸಿಕೊಂಡು ಅತ್ತೆ ದಂಗಾದರು. "ಏನೇ ಇದು, ಶಿಕ್ಷೆ ಕೊಡೋದಕ್ಕೂ ಒಂದು ಸಂಘ ಮಾಡ್ಕೊಂಡಿದಾರಾ?" ಹಿಂದಿಯಲ್ಲಿ ಶಿಕ್ಷಾ ಎಂದರೆ ಶಿಕ್ಷಣ, ಹಾಗಲ್ಲ ಎಂದು ವಿವರಿಸಿದೆ. ಹದಿನೈದು ದಿನ ನಾನು ಕೆಲಸದಿಂದ ಮನೆಗೆ ಬರುವ ಚಂದವನ್ನು ನೋಡಿದ ಮೇಲೆ ಅವರೇ ತೀರ್ಪು ಕೊಟ್ಟರು: "ನಿನ್ನ ಮುಖ ನೋಡಿದ್ರೆ ನಮ್ಮ ಕನ್ನಡದ ಅರ್ಥವೇ ಸರಿ ಅನ್ಸುತ್ತೆ ಬಿಡಮ್ಮ."

ಆ ಶಿಕ್ಷೆಯಲ್ಲಿ ಕಳೆದ ವರ್ಷದ ಪಾಲು ಇದು.

ಐದೇ ಐದು

ನಮ್ಮ ಅಧ್ಯಕ್ಷರು ಗ್ರೇಟರ್ ನೋಯ್ಡಾ ಕಡೆಯ ಒಂದು ವಿಶ್ವವಿದ್ಯಾಲಯದ ಕುಲಾಧಿಪತಿ. ಯಾವುದೋ ದೇಶದ ಸಮ್ಮೇಳನಕ್ಕೆ ಹೋಗಿ ಬಂದವರು ಸೂಟ್‌ಕೇಸಿನ ಜೊತೆ ಒಂದು ಪದವನ್ನೂ ತಂದಿದ್ದರು.

"ಮೇಡಂ ಜೀ, ದೊಡ್ಡ ಸಂಘಗಳಿಗೆಲ್ಲ ಕಾರ್ಯತಂತ್ರದ ಆದ್ಯತೆಗಳು ಅಂತ ಇರುತ್ತವೆ. ನಮಗೂ ಬೇಕು. ಐದು ಸಾಕು. ಆರನೆಯದು ಬಂದರೆ ಹರಿದು ಬಿಸಾಕಿ."

ಅಚ್ಛಾ ಎಂದೆ. ನಿಮ್ಮ ನಿಮ್ಮ ಆದ್ಯತೆ ತಿಳಿಸಿ ಎಂದು ಸದಸ್ಯರಿಗೆಲ್ಲ ಪತ್ರ ಬರೆದೆ. ಸಭೆಯ ನೋಟೀಸಿಗೆ ಉತ್ತರ ಕೊಡದವರೂ ಇದಕ್ಕೆ ಉತ್ತರ ಕೊಟ್ಟರು. ಒಬ್ಬರಿಗೆ ತಮ್ಮ ಕಾಲೇಜಿನ ಗೇಟಿನ ಎದುರೇ ಮೆಟ್ರೋ ನಿಲ್ದಾಣ ಬೇಕು. ಒಬ್ಬರಿಗೆ ಪಕ್ಕದ ಕಾಲೇಜು ಮುಚ್ಚಬೇಕು, ಆ ಪಕ್ಕದ ಕಾಲೇಜಿನವರೂ ನಮ್ಮ ಸದಸ್ಯರೇ. ಫರೀದಾಬಾದಿನ ಒಬ್ಬರು ಕೋತಿಗಳ ಕಾಟದ ಬಗ್ಗೆ ಮೂರು ಪುಟ ಬರೆದಿದ್ದರು. ಇನ್ನೊಬ್ಬರು ತುಂಬ ವಿನಯವಂತರು; "ಅಧ್ಯಕ್ಷರು ಹೇಳಿದ್ದೇ ನನ್ನ ಆದ್ಯತೆ" ಎಂದು ಬರೆದಿದ್ದರು. ಅಧ್ಯಕ್ಷರು ಏನೂ ಹೇಳಿರಲಿಲ್ಲ.

ಎಣಿಸಿದರೆ ನಲವತ್ತಮೂರು. ಮೂರು ದಿನ ಕೂತು ಒಂದರೊಳಗೊಂದು ಸೇರಿಸಿ, ಹಿಂಡಿ, ಐದಕ್ಕೆ ಇಳಿಸಿದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು ಸಭೆಗೆ ಹೋದೆ.

ಮೊದಲ ಪುಟ ತಿರುಗಿಸುವುದರೊಳಗೆ ಫರೀದಾಬಾದಿನವರು ಎದ್ದು ನಿಂತರು. "ನಮ್ಮ ಕೋತಿಗಳು ಎಲ್ಲಿ?"

"ಕ್ಯಾಂಪಸ್ ಸುರಕ್ಷತೆ ಅನ್ನೋದರೊಳಗೆ ಇವೆ ಸರ್."

"ಒಳಗೆ ಯಾಕಿವೆ? ಕೋತಿಗಳು ಒಳಗೆ ಬರೋದೇ ನಮ್ಮ ಸಮಸ್ಯೆ!"

ಅವರ ಹಿಂದೆಯೇ ಎಲ್ಲರೂ ಎದ್ದರು. ಯಾರಿಗೂ ಇನ್ನೊಬ್ಬರ ಕೆಳಗೆ ಸೇರಲು ಇಷ್ಟವಿಲ್ಲ. ಸೇರಿಸಿದ್ದೆಲ್ಲ ಬಿಡಿಸಿದ್ದಾಯಿತು, ಮತ್ತೆ ನಲವತ್ತಮೂರು. ಈಗ ಮೊದಲನೆಯದು ಯಾರದು ಎಂಬ ಜಗಳ. ಎರಡು ಗಂಟೆ ಕೇಳಿಸಿಕೊಂಡು ಅಧ್ಯಕ್ಷರು ಮೇಜು ತಟ್ಟಿದರು. "ನಮ್ಮಲ್ಲಿ ಹಿರಿಯರು ಕಿರಿಯರು ಎಂಬ ಭೇದ ಇಲ್ಲ. ಎಲ್ಲವೂ ಮೊದಲನೆಯದೇ. ಒಂದು-ಎ, ಒಂದು-ಬಿ, ಹೀಗೆ ಹಾಕಿ."

"ಇಂಗ್ಲಿಷಿನಲ್ಲಿ ಇಪ್ಪತ್ತಾರೇ ಅಕ್ಷರ ಸರ್," ಎಂದೆ.

"ಹಾಗಾದರೆ ಹಿಂದಿ ಅಕ್ಷರ ಹಾಕಿ. ನಮ್ಮ ಭಾಷೆ ಶ್ರೀಮಂತವಾಗಿದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಡುವಾಗ ಫರೀದಾಬಾದಿನವರು ನನ್ನ ಹತ್ತಿರ ಬಂದು ಗುಟ್ಟಾಗಿ ಹೇಳಿದರು: "ಮೇಡಂ ಜೀ, ನನಗೆ 'ಬ' ಕೊಡಿ. ಕೋತಿಗೆ ಹಿಂದಿಯಲ್ಲಿ ಬಂದರ್ ತಾನೆ, ಬಂದರ್‌ಗೆ ಬ. ಮಂತ್ರಿಗಳಿಗೆ ನೆನಪಿಟ್ಟುಕೊಳ್ಳಲು ಸುಲಭ."

ಹಳದಿ ಚೀಟಿ

ನಲವತ್ತಮೂರನ್ನು ಹದಕ್ಕೆ ತರಲು ಗುರುಗ್ರಾಮದಿಂದ ಒಬ್ಬ ಸಲಹೆಗಾರನನ್ನು ಕರೆಸಿದರು. ಸೂಟಿನ ಕೆಳಗೆ ಬಿಳಿ ಬೂಟು, ಬಾಯಿ ತುಂಬ ನಗು, ಬಹಳ ಒಳ್ಳೆಯ ಹುಡುಗ. ಕುಲಾಧಿಪತಿಗಳು ಹನ್ನೆರಡು ಮಂದಿ ಕೂತ ಮೇಲೆ ಒಬ್ಬೊಬ್ಬರ ಮುಂದೆ ಹಳದಿ ಅಂಟುಚೀಟಿಯ ಒಂದು ಕಟ್ಟು, ಒಂದು ಸ್ಕೆಚ್ ಪೆನ್ನು ಇಟ್ಟ.

"ಹತ್ತು ನಿಮಿಷ ಮೌನ. ನಿಮ್ಮ ಸಂಸ್ಥೆಯಲ್ಲಿ ನಿಜವಾಗಿ ಬದಲಾಗಬೇಕಾದ್ದು ಏನು? ಒಂದು ಚೀಟಿಗೆ ಒಂದು ವಿಚಾರ. ಬರೆದು ಗೋಡೆಗೆ ಅಂಟಿಸಿ."

ಮೌನವೇನೋ ಆಯಿತು. ಬರೆಯುವುದು ಆಗಲಿಲ್ಲ. ಸಹಿಯೊಂದನ್ನು ಬಿಟ್ಟು ಬೇರೇನನ್ನಾದರೂ ಸ್ವಂತ ಕೈಯಲ್ಲಿ ಬರೆದು ಅವರಿಗೆಲ್ಲ ಎಷ್ಟು ವರ್ಷವಾಗಿತ್ತೋ. ಒಬ್ಬರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಕೊನೆಗೆ "ನಮ್ಮ ಪಿ.ಎ. ಹೊರಗಿದಾರೆ, ಕರೀರಿ" ಎಂದರು. ಅವರು ಕರೆಸಿದ್ದು ನೋಡಿ ಉಳಿದವರೂ ಕರೆಸಿದರು. ಕುರ್ಚಿಗೊಬ್ಬರಂತೆ ಹನ್ನೆರಡು ಪಿ.ಎ.ಗಳು ಬಂದು ಹಿಂದೆ ನಿಂತರು. ಉಸಿರಾಡಲು ಜಾಗವಿಲ್ಲ. ಅಧ್ಯಕ್ಷರು ಗಡಿಯಾರ ನೋಡಿ, "ಚಲೋ, ಇವರು ಬರೆಯುತ್ತಿರಲಿ. ನಾವು ಊಟ ಮುಗಿಸಿ ಬರೋಣ" ಎಂದು ಎದ್ದರು.

ನಾನು ಅಲ್ಲೇ ಇದ್ದೆ. ಪಿ.ಎ.ಗಳು ಕುರ್ಚಿ ಎಳೆದುಕೊಂಡು ಕೂತರು. ಅವರಲ್ಲಿ ನಿವೃತ್ತಿಯ ಅಂಚಿನ ಒಬ್ಬ ಹೆಂಗಸು ಮೊದಲು ಪೆನ್ನು ಹಿಡಿದಳು. "ಹೇಳಿದ ದಿನ ಫಲಿತಾಂಶ ಕೊಡುವುದು" ಎಂದು ಬರೆದು ಅಂಟಿಸಿದಳು. ಆಮೇಲೆ ಯಾರ ಕೈಯೂ ನಿಲ್ಲಲಿಲ್ಲ. ಖಾಲಿ ಇರುವ ಜಾಗಕ್ಕೆ ಮೇಷ್ಟ್ರನ್ನು ತೆಗೆದುಕೊಳ್ಳುವುದು. ವಿದ್ಯಾರ್ಥಿ ಫೋನ್ ಮಾಡಿದರೆ ಯಾರಾದರೂ ಎತ್ತುವುದು. ಹಾಸ್ಟೆಲಿನ ನೀರು ಒಂದು ಸಲ ತಾವೇ ಕುಡಿದು ನೋಡುವುದು. ಸಭೆಗೆ ಹೊತ್ತಿಗೆ ಸರಿಯಾಗಿ ಬರುವುದು. ಗೋಡೆ ಹಳದಿಯಾಯಿತು. ಸಲಹೆಗಾರ ಒಂದೊಂದನ್ನೂ ಓದುತ್ತ ಕಣ್ಣೊರೆಸಿಕೊಂಡ. "ಮ್ಯಾಮ್, ನನ್ನ ಕೆಲಸದಲ್ಲಿ ಇಷ್ಟು ಪ್ರಾಮಾಣಿಕ ಗೋಡೆ ನೋಡಿಲ್ಲ."

ಕುಲಾಧಿಪತಿಗಳು ಪಾನ್ ಜಗಿಯುತ್ತ ಬಂದು ಗೋಡೆಯ ಮುಂದೆ ನಿಂತರು. ಪಿ.ಎ.ಗಳು ನೆಲ ನೋಡುತ್ತಿದ್ದರು.

"ಇದನ್ನೆಲ್ಲ ಯಾರು ಬರೆದದ್ದು?" ಅಧ್ಯಕ್ಷರು ಕೇಳಿದರು.

"ನೀವೇ ಸರ್," ಎಂದ ಆ ಹುಡುಗ, ಪಾಪ, ಅಂಟಿಸಿದವರ ಕೆಲಸ ಉಳಿಸಲು. "ಇವು ನಿಮ್ಮ ನಿಮ್ಮ ಚೀಟಿಗಳು."

ಅಧ್ಯಕ್ಷರು ತಮ್ಮ ಪಾಲಿನ ನಾಲ್ಕು ಚೀಟಿಗಳನ್ನು ಮತ್ತೊಮ್ಮೆ ನಿಧಾನವಾಗಿ ಓದಿದರು. ಪಿ.ಎ.ಯ ಹೆಗಲ ಮೇಲೆ ಕೈ ಹಾಕಿದರು.

"ನೋಡಯ್ಯಾ, ನಾನು ಇಷ್ಟು ಚೆನ್ನಾಗಿ ಯೋಚನೆ ಮಾಡ್ತೀನಿ ಅಂತ ನನಗೇ ಗೊತ್ತಿರಲಿಲ್ಲ."

ಕೇಳಬೇಕಾಗಿಲ್ಲ

ಸ್ವಾಯತ್ತತೆ ನಮ್ಮ ಪಟ್ಟಿಯಲ್ಲಿ ಒಂದು-ಅ. ಪ್ರತಿಯೊಂದಕ್ಕೂ ಸರ್ಕಾರದ ಅನುಮತಿ ಕೇಳುವುದು ತಪ್ಪಬೇಕು ಎನ್ನುವುದು ಅದರ ಸಾರ. ಇದನ್ನೇ ಅಂಶ ಅಂಶವಾಗಿ ಮನವಿಯಲ್ಲಿ ಬರೆದುಕೊಂಡು, ಐದು ಮಂದಿ ಒಂದು ಇಲಾಖೆಯ ದೊಡ್ಡ ಅಧಿಕಾರಿಯನ್ನು ನೋಡಲು ಹೋದೆವು. ಹೂಗುಚ್ಛ ಹಿಡಿಯುವವಳಾಗಿ ನಾನು ಆರನೆಯವಳು.

ಅಧಿಕಾರಿ ಶಾಂತ ಮನುಷ್ಯ. ಮನವಿಯನ್ನು ಪೂರ್ತಿ ಓದಿ ಕನ್ನಡಕ ತೆಗೆದರು. "ಉಳಿದದ್ದು ನೋಡೋಣ. ಆದರೆ ಈ ಮೂರನೆಯದು, ಕಾಲೇಜಿನೊಳಗಿನ ವಿಭಾಗದ ಹೆಸರು ಬದಲಿಸುವುದು, ಇದಕ್ಕೆ ನಮ್ಮ ಅನುಮತಿ ಬೇಕಾಗಿಯೇ ಇಲ್ಲವಲ್ಲ. ನೀವೇ ಮಾಡಿಕೊಳ್ಳಬಹುದು."

ನಮ್ಮವರು ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟವರ ಹಾಗೆ ಮುಗ್ಗರಿಸಿದರು.

"ಅಂದರೆ, ಯಾರನ್ನೂ ಕೇಳದೆ?" ಅಧ್ಯಕ್ಷರು ಕೇಳಿದರು.

"ಯಾರನ್ನೂ ಕೇಳದೆ."

"ಮೊದಲಿಂದಲೂ ಹೀಗೇನಾ?"

"ಮೊದಲಿಂದಲೂ."

ಗೆದ್ದು ಬಂದವರು ಕಾರಿಡಾರಿನಲ್ಲಿ ಸಂಭ್ರಮಪಡಬೇಕಿತ್ತು. ಐದೂ ಮುಖಗಳು ಬಾಡಿದ್ದವು. "ಇಷ್ಟು ಸುಲಭವಾಗಿ ಹೇಳಿದ್ರು ಅಂದ್ರೆ ಇದರಲ್ಲಿ ಏನೋ ಇದೆ," ಎಂದರು ಒಬ್ಬರು. "ಬಾಯಿಮಾತು ನಂಬೋಕಾಗುತ್ತಾ?" ಎಂದರು ಇನ್ನೊಬ್ಬರು. ಲಿಫ್ಟು ಕೆಳಗಿಳಿಯುವಷ್ಟರಲ್ಲಿ ತೀರ್ಮಾನವಾಯಿತು: ಅನುಮತಿ ಬೇಕಾಗಿಲ್ಲ ಎಂದು ಲಿಖಿತವಾಗಿ ಕೊಡಿ ಎಂದು ಬರೆಯಬೇಕು. ಸಂಘದಿಂದ ಒಂದು ಪತ್ರ ಹೋಯಿತು. ಅದು ಸಾಲದೆಂದು ಸದಸ್ಯರೆಲ್ಲ ಬೇರೆ ಬೇರೆ ಬರೆದರು. ಯಾರೂ ಒಂದು ವಿಭಾಗದ ಹೆಸರನ್ನೂ ಬದಲಿಸಲಿಲ್ಲ.

ತಿಂಗಳಾದ ಮೇಲೆ ಅದೇ ಇಲಾಖೆಯ ಸೆಕ್ಷನ್ ಆಫೀಸರ್ ಫೋನ್ ಮಾಡಿದ. ನಮ್ಮ ಕಡೆಯ ಹುಡುಗ, ಲೋಧಿ ಕಾಲೋನಿಯಲ್ಲಿ ಮನೆ. ಯುಗಾದಿಗೆ ಹೋಳಿಗೆ ಕೊಡುವಷ್ಟು ಬಳಕೆ.

"ಅಕ್ಕಾ, ನಿಮ್ಮವರ ಅರ್ಜಿಗಳು ಕಪಾಟು ತುಂಬಿವೆ."

"ಕೊಟ್ಟುಬಿಡಪ್ಪ ಉತ್ತರ. ಬೇಕಾಗಿಲ್ಲ ಅಂತ ಒಂದು ಸಾಲು ತಾನೆ?"

"ಅದೇ ಕಷ್ಟ ಅಕ್ಕಾ. ಅನುಮತಿ ಬೇಡ ಅಂತ ಬರೆದುಕೊಡೋ ಅಧಿಕಾರ ನಮಗಿದೆಯೋ ಇಲ್ವೋ ಯಾರಿಗೂ ಗೊತ್ತಿಲ್ಲ. ಮೇಲಿನವರ ಅನುಮತಿ ಕೇಳಿದೀವಿ."

ವಿದ್ಯಾರ್ಥಿ ಎಲ್ಲಿ?

ನನ್ನ ಮಗಳು ನೋಯ್ಡಾದ ಒಂದು ಖಾಸಗಿ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಾಳೆ. ದೆಹಲಿಯಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಶುರುವಾದ ವಾಕ್ಯ ಹಿಂದಿಯಲ್ಲಿ ಮುಗಿಯುತ್ತದೆ. ಒಂದು ಭಾನುವಾರ ಊಟದ ಮೇಜಿನ ಮೇಲೆ ಬಿದ್ದಿದ್ದ ನನ್ನ ಕರಡನ್ನು ತಿರುವಿ ಹಾಕಿದಳು.

"ಮಮ್ಮಾ, ಕಾಲೇಜುಗಳದ್ದು ತಾನೆ ಇದು? ಇದರಲ್ಲಿ ಸ್ಟೂಡೆಂಟ್ ಕಹಾಂ ಹೈ?"

"ಎಲ್ಲೋ ಇರ್ತಾನೆ, ಸರಿಯಾಗಿ ನೋಡು," ಎಂದು ಗದರಿದೆ. ಆಮೇಲೆ ಕಂಪ್ಯೂಟರಿನಲ್ಲಿ ಹುಡುಕಿಸಿದೆ. ಅಷ್ಟು ಪುಟಗಳಲ್ಲಿ ವಿದ್ಯಾರ್ಥಿ ಸಿಕ್ಕಿದ್ದು ಒಂದೇ ಕಡೆ, 'ವಿದ್ಯಾರ್ಥಿಗಳ ಸ್ಕೂಟರು ನಿಲ್ಲಿಸುವುದನ್ನು ತಡೆಯುವುದು' ಎಂಬಲ್ಲಿ. ಅದನ್ನು ಟೈಪು ಮಾಡಿದವಳು ನಾನೇ. ಹೆತ್ತ ಮಗಳ ಮುಂದೆ ತಲೆ ತಗ್ಗಿಸುವ ಹಾಗಾಯಿತು.

ಮರುದಿನವೇ ಅಧ್ಯಕ್ಷರಿಗೆ ಹೇಳಿದೆ. ಅವರು ಗಂಭೀರರಾದರು. "ಬಹಳ ದೊಡ್ಡ ಮಾತು ಹೇಳಿದಿರಿ ಮೇಡಂ ಜೀ. ವಿದ್ಯಾರ್ಥಿಯನ್ನು ಒಳಗೆಲ್ಲೋ ಹಾಕಬಾರದು. ಮುಖಪುಟಕ್ಕೇ ಹಾಕೋಣ. ಫೋಟೋ ತೆಗೆಸಿ. ನಮ್ಮ ಕ್ಯಾಂಪಸ್ಸಿನಲ್ಲೇ ಆಗಲಿ, ನಾನೂ ನಿಂತಿರುತ್ತೇನೆ, ಪಾಠ ಮಾಡುವ ಹಾಗೆ."

ಫೋಟೋಗ್ರಾಫರನ್ನು ಕರೆದುಕೊಂಡು ಹೋದ ದಿನ ಮಂಗಳವಾರ. ಸೋಮವಾರ ರಜೆ, ಬುಧವಾರ ರಜೆ. ನಡುವಿನ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಆ ದೊಡ್ಡ ತರಗತಿಯಲ್ಲಿ ಬೆಂಚುಗಳು ಮಾತ್ರ ಪೂರ್ತಿ ಹಾಜರಿದ್ದವು. ಕುಲಸಚಿವರು ಬೆವರಿದರು. "ಐದು ನಿಮಿಷ ಕೊಡಿ" ಎಂದು ಓಡಿದರು. ಲ್ಯಾಬಿನವರು, ಲೈಬ್ರರಿಯವರು, ಇಬ್ಬರು ಡ್ರೈವರು, ಗೇಟಿನ ಕಾವಲುಗಾರರು, ಸಿಕ್ಕವರನ್ನೆಲ್ಲ ತಂದು ಸಮವಸ್ತ್ರದ ಅಂಗಿಯ ಮೇಲೆ ಯಾರದೋ ಸ್ವೆಟರು ಹಾಕಿಸಿ ಕೂರಿಸಿದರು. ಮೊದಲ ಬೆಂಚಿನಲ್ಲಿ ಬಿಳಿ ಮೀಸೆಯ ಕಾವಲುಗಾರ. ಫೋಟೋಗ್ರಾಫರ್ ಅನುಮಾನಿಸಿದ. "ಸರ್, ಇವರ ವಯಸ್ಸು..."

"ಪಿಎಚ್.ಡಿ. ಮಾಡ್ತಿದಾರೆ ಅನ್ನೋಣ," ಎಂದರು ಕುಲಸಚಿವರು.

ಅಧ್ಯಕ್ಷರು ಸೀಮೆಸುಣ್ಣ ಹಿಡಿದು ನಿಂತರು. ಎರಡು ಫೋಟೋ ಆಗಿರಬೇಕು, ಕುಲಸಚಿವರ ಫೋನು ಹೊಡೆದುಕೊಂಡಿತು. ಕೇಳುತ್ತ ಕೇಳುತ್ತ ಅವರ ಮುಖ ಸಣ್ಣದಾಯಿತು. "ಸರ್, ಗೇಟಿನ ಹೊರಗೆ ಮೂವತ್ತು ನಲವತ್ತು ಹುಡುಗರು ನಿಂತಿದಾರಂತೆ. ಹತ್ತು ಗಂಟೆಗೆ ಅವರಿಗೆ ಪರೀಕ್ಷೆಯಂತೆ. ಗೇಟು ತೆಗೆಯೋರು ಯಾರೂ ಇಲ್ಲವಂತೆ."

ಮೊದಲ ಬೆಂಚಿನ ಬಿಳಿ ಮೀಸೆ ಗಡಬಡಿಸಿ ಎದ್ದು ನಿಂತಿತು. "ಸಾಬ್, ಚಾವಿ ನನ್ನ ಹತ್ತಿರ ಇದೆ."

ಅಧ್ಯಕ್ಷರು ಸೀಮೆಸುಣ್ಣ ತೋರಿಸಿ ಗದರಿದರು. "ಕೂತ್ಕೊಳ್ಳಯ್ಯಾ! ಮೊದಲು ಕ್ಲಾಸು ಮುಗೀಲಿ."

ಬಿಡುಗಡೆ

ಕೊನೆಗೂ ದಾಖಲೆ ಬಿಡುಗಡೆಯ ದಿನ ಗೊತ್ತಾಯಿತು. ದೊಡ್ಡ ಹೋಟೆಲಿನ ಸಭಾಂಗಣ. ಮುಖ್ಯ ಅತಿಥಿ ಒಬ್ಬ ನಿವೃತ್ತ ಹಿರಿಯ ಅಧಿಕಾರಿ. ಕೈಗೆ ಬಂದ ಕಾಗದವನ್ನು ಅಕ್ಷರ ಬಿಡದೆ ಓದುತ್ತಾರೆ ಎಂದು ಹೆಸರಾದವರು. ನನ್ನ ನೇಮಕದ ಅವಧಿಯೂ ಆ ತಿಂಗಳೇ ಮುಗಿಯುವುದಿತ್ತು. "ಕಾರ್ಯಕ್ರಮ ಚೆನ್ನಾಗಿ ಆಗಲಿ, ಆಮೇಲೆ ನಿಮ್ಮ ವಿಷಯ ಮಾತಾಡೋಣ" ಎಂದಿದ್ದರು ಅಧ್ಯಕ್ಷರು. ಅರ್ಥವಾಯಿತು.

ಪುಸ್ತಕ ಅಚ್ಚಾಗುವುದು ನಮ್ಮ ಕಛೇರಿಯ ಹತ್ತಿರದ ಪ್ರೆಸ್ಸಿನಲ್ಲಿ. ಮುಖಪುಟ ಮೊದಲೇ ತಯಾರಾಗಿತ್ತು. ಒಳಪುಟಗಳು ಮಾತ್ರ ಮುಗಿಯಲೊಲ್ಲವು. ಮೊದಲಿಗೆ ಬರುವ ಸಂದೇಶಗಳಲ್ಲಿ ಯಾರ ಫೋಟೋ ದೊಡ್ಡದು ಎಂದು ಉಪಾಧ್ಯಕ್ಷರಿಬ್ಬರಿಗೆ ಜಗಳ ಬಿದ್ದಿತ್ತು. ಒಬ್ಬರದು ಒಂದು ಎಳೆ ದೊಡ್ಡದಾದರೆ ಇನ್ನೊಬ್ಬರು ಅಳತೆಪಟ್ಟಿ ಹಿಡಿದು ಫೋನ್ ಮಾಡುವರು. ಬಿಡುಗಡೆಯ ಬೆಳಗ್ಗೆ ಹತ್ತಕ್ಕೆ ಹೋದರೆ ಪ್ರೆಸ್ಸಿನ ಮಾಲೀಕರು ಕೈ ಚೆಲ್ಲಿದರು.

"ನೀವು ನಿನ್ನೆ ಸಂಜೆ ಕೂಡ ಫೋಟೋ ಬದಲಿಸಿದಿರಿ ಬೆಹನ್‌ಜೀ. ಇವತ್ತು ಆಗಲ್ಲ."

"ಹನ್ನೊಂದೂವರೆಗೆ ಬಿಡುಗಡೆ! ವೇದಿಕೆಯ ಮೇಲೆ ಏನು ಹಿಡಿಯಲಿ, ನನ್ನ ತಲೆನಾ?"

ಅವರು ಒಳಗೆ ಹೋಗಿ ಆರು ಪುಸ್ತಕ ತಂದರು. ನಿಜವಾದ ಮುಖಪುಟ, ನಿಜವಾದ ದಪ್ಪ, ಮಿರಮಿರ ಮಿಂಚುತ್ತಿತ್ತು. ಬಿಚ್ಚಿದರೆ ಒಳಗೆಲ್ಲ ಬಿಳಿ ಹಾಳೆ. ಪುಸ್ತಕ ಎಷ್ಟು ದಪ್ಪ ಬರುತ್ತದೆಂದು ನೋಡಲು ಪ್ರೆಸ್ಸಿನವರು ಮಾಡಿಕೊಳ್ಳುವ ಡಮ್ಮಿ. "ಇದನ್ನೇ ಬಣ್ಣದ ಕಾಗದದಲ್ಲಿ ಸುತ್ತಿ ಕೊಡಿ. ಬಿಡುಗಡೆಯಾದ ಪುಸ್ತಕವನ್ನು ಯಾರು ಓದ್ತಾರೆ?" ಎಂದರು. ಅವರ ಅನುಭವ ದೊಡ್ಡದು. ಬೇರೆ ದಾರಿಯೂ ಇರಲಿಲ್ಲ. ಆಟೋದಲ್ಲಿ ಕೂತು ಸುತ್ತಿದೆ, ರಿಬ್ಬನ್ ಕಟ್ಟಿದೆ. ಅಧ್ಯಕ್ಷರಿಗೆ ಹೇಳಬೇಕೆಂದು ಮೂರು ಸಲ ಹತ್ತಿರ ಹೋದೆ. ಮೂರು ಸಲವೂ ಅವರು ಫೋಟೋಗೆ ನಿಂತಿದ್ದರು.

ವೇದಿಕೆಯ ಮೇಲೆ ಆರು ಮಂದಿ ರಿಬ್ಬನ್ ಬಿಚ್ಚಿದರು. ಪುಸ್ತಕವನ್ನು ಎದೆಯೆತ್ತರಕ್ಕೆ ಹಿಡಿದರು. ಚಪ್ಪಾಳೆ. ಐವರು ಮುಖಪುಟದಲ್ಲಿದ್ದ ಫೋಟೋ ನೋಡಿ ಮೇಜಿನ ಮೇಲಿಟ್ಟರು. ಮುಖ್ಯ ಅತಿಥಿ ಮಾತ್ರ ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಪುಸ್ತಕ ತೆರೆದರು.

ಒಂದು ಪುಟ ತಿರುಗಿಸಿದರು. ಇನ್ನೊಂದು. ನಡುವೆ ತೆರೆದರು. ಕೊನೆಯಿಂದ ನೋಡಿದರು. ಆಮೇಲೆ ತಲೆಯೆತ್ತಿ, ಸಭಾಂಗಣದ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿದ್ದ ನನ್ನನ್ನೇ ನೋಡಿದರು. ನಾನು ಎರಡೂ ಕೈ ಜೋಡಿಸಿದೆ. ಅದು ನಮಸ್ಕಾರವೋ ಕ್ಷಮಾಪಣೆಯೋ ನನಗೇ ತಿಳಿಯದು.

ಅವರು ಮೈಕಿನ ಹತ್ತಿರ ಹೋದರು. ನನ್ನ ಕೆಲಸ ಹೋಯಿತು ಎಂದುಕೊಂಡೆ.

"ಮಿತ್ರರೇ," ಎಂದರು, "ನನ್ನ ಸೇವಾವಧಿಯಲ್ಲಿ ನೂರಾರು ಇಂಥ ದಾಖಲೆಗಳನ್ನು ಓದಿದ್ದೇನೆ. ಹುಡುಕಿದರೂ ಒಂದು ತಪ್ಪು ಸಿಗದ ದಾಖಲೆ ಇದೇ ಮೊದಲು. ಹೆಚ್ಚು ಹೇಳುವುದಕ್ಕೆ ಇದರಲ್ಲಿ ಅವಕಾಶವೇ ಇಲ್ಲ." ಅಷ್ಟೇ ಹೇಳಿ ಕೂತರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಧ್ಯಕ್ಷರ ಕಣ್ಣಲ್ಲಿ ನೀರು. ಹೊರಡುವಾಗ ಆ ಪುಣ್ಯಾತ್ಮರು ನನ್ನ ಪಕ್ಕ ಒಂದು ಕ್ಷಣ ನಿಂತು, "ಅಚ್ಚಾದ ಮೇಲೆ ನನಗೆ ಕಳಿಸಬೇಡಿ" ಎಂದು ಹೋದರು. ಊಟದ ಹೊತ್ತಿಗೆ ನನ್ನ ಇನ್ನೆರಡು ವರ್ಷದ ನೇಮಕ ಪಕ್ಕಾ ಆಗಿತ್ತು.

ಊಟ ಮುಗಿಸಿ ಡಮ್ಮಿಗಳನ್ನು ವಾಪಸು ತೆಗೆದುಕೊಳ್ಳಲು ವೇದಿಕೆಗೆ ಓಡಿದೆ. ಐದಿದ್ದವು. ಆರನೆಯದನ್ನು ಹರಿಯಾಣದ ಕಡೆಯ ಒಬ್ಬ ಕುಲಪತಿಗಳು ಚೀಲದಲ್ಲಿ ಹಾಕಿಕೊಂಡು ಹೋಗಿಬಿಟ್ಟಿದ್ದರು. ಒಂದು ವಾರ ಫೋನು ಹೊಡೆದಾಗಲೆಲ್ಲ ಅವರೇ ಎಂದು ಬೆಚ್ಚುತ್ತಿದ್ದೆ. ಫೋನು ಬರಲಿಲ್ಲ. ತಿಂಗಳಾದ ಮೇಲೆ ಅವರ ಸಹಿ, ಮೊಹರು ಎಲ್ಲ ಇದ್ದ ಒಂದು ಪತ್ರ ಬಂತು. ಕೋಣೆಯ ಬಾಗಿಲು ಹಾಕಿಕೊಂಡು ಒಡೆದೆ.

"ತಾವು ಬಿಡುಗಡೆ ಮಾಡಿದ ದಾಖಲೆಯನ್ನು ಅಧ್ಯಯನ ಮಾಡಲು ನಮ್ಮ ಏಳು ಮಂದಿ ಹಿರಿಯ ಪ್ರಾಧ್ಯಾಪಕರ ಸಮಿತಿಯನ್ನು ನೇಮಿಸಲಾಗಿತ್ತು. ಸಮಿತಿಯು ನಾಲ್ಕು ಸಭೆ ನಡೆಸಿ, ಅದನ್ನು ಪುಟಪುಟವಾಗಿ ಪರಿಶೀಲಿಸಿದೆ. ದಾಖಲೆಯಲ್ಲಿ ಹೇಳಿರುವ ಸಮಸ್ತವನ್ನೂ ನಮ್ಮ ವಿಶ್ವವಿದ್ಯಾಲಯವು ಈಗಾಗಲೇ ಸಂಪೂರ್ಣವಾಗಿ ಜಾರಿಗೆ ತಂದಿದೆ ಎಂದು ತಿಳಿಸಲು ಹರ್ಷಿಸುತ್ತೇವೆ. ಯಾವುದೂ ಬಾಕಿ ಉಳಿದಿಲ್ಲ."